ಕೋಳಿ ಕಡುಬಿಗೆ ಹದಿನಾಲ್ಕು ವಕೀಲರು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಮಾತುಗಳೂ ಅಷ್ಟೇ, ಬೇಕಾದಾಗ ಬೇಕಾದದ್ದು ಸಿಗುವುದಿಲ್ಲ. ಹತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟವಳು ನಾನು. ಆದರೆ ಗೊತ್ತಿಲ್ಲದ್ದನ್ನು ಎರಡೆರಡು ಸಲ ಕೇಳಿ ಬರೆದಿದ್ದೇನೆ. ಓರ್ಫಾ ಅಜ್ಜಿ ಏನು ಹೇಳಿದರೂ ಒಗ್ಗರಣೆ ಸ್ವಲ್ಪ ಜೋರು. ಅದನ್ನು ಆದಷ್ಟು ಬದಿಗೆ ಸರಿಸಿದ್ದೇನೆ.

ಕೆಂಟಕಿಯ ಗುಡ್ಡಗಳ ನಡುವಿನ ನಮ್ಮ ಬಕ್‌ಲಿಕ್ ಕಣಿವೆಯಲ್ಲಿ ಓರ್ಫಾ ಸ್ಲೋನ್ ಎಂದರೆ ಗೊತ್ತಿಲ್ಲದವರಿಲ್ಲ. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಬಡಿಸಿದವರು ಅವರು. ಈಗಿನ ಪೊಲೀಸ್ ಮುಖ್ಯಸ್ಥರಾದ ಶೆರಿಫರಿಗೂ, ಅಂಚೆಯವನಿಗೂ, ಚರ್ಚಿನ ಪಾದ್ರಿಗೂ ಚಿಕ್ಕಂದಿನಲ್ಲಿ ತಟ್ಟೆ ಖಾಲಿ ಮಾಡೋ ಎಂದು ಸೌಟು ತೋರಿಸಿದ್ದಾರೆ. ಅದಕ್ಕೇ ಊರಿನ ದೊಡ್ಡ ಮನುಷ್ಯರು ಯಾರೂ ಅವರೆದುರು ಪೂರ್ತಿ ದೊಡ್ಡವರಾಗಲು ಆಗಿಲ್ಲ. ಒಮ್ಮೆ ಬೇರೆ ಕಡೆಯಿಂದ ಬಂದ ಹೊಸ ಹೆಡ್‌ಮಾಸ್ತರರಿಗೆ, ಪ್ರತಿ ಶುಕ್ರವಾರ ಪಾಲಕ್ ಪಲ್ಯದ ಮೊದಲ ಚಮಚ ಹೆಡ್‌ಮಾಸ್ತರರೇ ತಿಂದು ನೋಡಬೇಕೆಂದು ಹೇಳಿದರಂತೆ. ಆ ಮನುಷ್ಯ ಎರಡು ವರ್ಷ ಮಕ್ಕಳ ಮುಂದೆ ನಿಂತು ಮುಖ ಸಿಂಡರಿಸದೆ ಪಾಲಕ್ ನುಂಗಿದರು. ಆಮೇಲೆ ನಿಜ ತಿಳಿದು ಕೇಳಿದಾಗ, ನಿಯಮ ಅಂತ ನಾನು ಎಲ್ಲಿ ಹೇಳಿದೆ, ರೂಢಿ ಅಂದೆ, ನೀವು ಬಂದ ದಿನವೇ ಶುರುವಾದ ರೂಢಿ, ಎಂದರಂತೆ ಅಜ್ಜಿ.

ಅವರ ಇನ್ನೊಂದು ಗುಣ, ಸಣ್ಣಕ್ಷರ ಓದುವುದು. ಮದುವೆಯಾದ ಹೊಸದರಲ್ಲಿ ಬಾಗಿಲಿಗೆ ಬಂದ ಒಬ್ಬ ಮಾರಾಟಗಾರ, ಪುಕ್ಕಟೆಯಾಗಿ ಬಳಸಿ ನೋಡಿ ಎಂದು ಒಂದು ವ್ಯಾಕ್ಯೂಮ್ ಕ್ಲೀನರ್ ಇಟ್ಟು, ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದ. ಅದು ಕೊಂಡದ್ದಕ್ಕೆ ಒಪ್ಪಿಗೆ ಎಂದು ಕೆಳಗೆ ಇರುವೆ ಗಾತ್ರದಲ್ಲಿ ಬರೆದಿತ್ತು. ಮನೆಯಲ್ಲಿ ಒಂದು ತುಂಡು ಕಾರ್ಪೆಟ್ ಕೂಡ ಇರಲಿಲ್ಲ. ಗಂಡ ವರ್ಜಿಲ್ ಅದರಿಂದ ಒಂದು ವರ್ಷ ಕೋಳಿಗೂಡು ಗುಡಿಸಿದರು. ಕೋಳಿಗಳು ಮೊಟ್ಟೆ ಇಡುವುದನ್ನೇ ನಿಲ್ಲಿಸಿದವು. ಅಂದಿನಿಂದ ಅಜ್ಜಿ ಔಷಧಿ ಡಬ್ಬಿಯ ಹಿಂಬದಿಯಿಂದ ಹಿಡಿದು ಬಸ್ ಟಿಕೆಟ್ಟಿನವರೆಗೆ ಎಲ್ಲವನ್ನೂ ಭೂತಗನ್ನಡಿ ಹಿಡಿದು ಓದುತ್ತಾರೆ.

ಇಂಥ ಅಜ್ಜಿಗೆ ಐವತ್ತು ವರ್ಷದ ಗೆಳತಿ ಮೊಝೆಲ್ ಟ್ಯಾಕೆಟ್. ಇಬ್ಬರ ಮನೆಗಳ ನಡುವೆ ಒಂದು ಹಳ್ಳ, ಹಳ್ಳಕ್ಕೊಂದು ಹಲಗೆ ಸೇತುವೆ. ಇಬ್ಬರಿಗೂ ಗಂಡಂದಿರಿಲ್ಲ. ಮೊಝೆಲ್ ಅಜ್ಜಿಗೆ ಮಂಡಿ ನೋವು. ಎಲ್ಲಿಗೆ ಹೋಗಬೇಕಾದರೂ ಓರ್ಫಾ ಅಜ್ಜಿಯ ಹಳೆಯ ನೀಲಿ ಕಾರೇ ಗತಿ. ಆದರೆ ಕೋಳಿ ಸಾರಿನಲ್ಲಿ ಹಿಟ್ಟಿನ ಕಡುಬು ಬೇಯಿಸುವುದರಲ್ಲಿ ಮೊಝೆಲ್ ಅಜ್ಜಿಯನ್ನು ಮೀರಿಸುವವರು ಈ ಕಣಿವೆಯಲ್ಲಿಲ್ಲ. ಊರಲ್ಲಿ ಯಾರು ತೀರಿಕೊಂಡರೂ ಮಣ್ಣು ಮಾಡಿ ಬಂದವರ ಊಟಕ್ಕೆ ಆ ಕೋಳಿ ಕಡುಬು ಬಂದಿರಲೇಬೇಕು. ಬರಲಿಲ್ಲವೆಂದರೆ ಸತ್ತವರು ಏನೋ ತಪ್ಪು ಮಾಡಿದ್ದರು ಎಂದು ಜನ ಗುಸುಗುಸು ಮಾತಾಡುತ್ತಾರೆ.

ಇಂಥ ಊಟಕ್ಕೆ ಹತ್ತಾರು ಮನೆಯ ಪಾತ್ರೆ ಸೇರುತ್ತವೆ. ಅದಲುಬದಲಾಗಬಾರದೆಂದು ಪ್ರತಿಯೊಬ್ಬರೂ ಪಾತ್ರೆಯ ಮುಚ್ಚಳಕ್ಕೆ ಟೇಪು ಅಂಟಿಸಿ, ಅದರ ಮೇಲೆ ಹೆಸರು, ಫೋನ್ ನಂಬರು ಬರೆಯುತ್ತಾರೆ. ಪಾತ್ರೆ ಮನೆಗೆ ಮರಳಲಿ ಎಂಬುದು ಹೇಳಿಕೊಳ್ಳುವ ಕಾರಣ. ಯಾರ ಅಡುಗೆ ಎಂದು ನಾಲ್ಕು ಜನಕ್ಕೆ ಗೊತ್ತಾಗಲಿ ಎಂಬುದು ಹೇಳಿಕೊಳ್ಳದ ಕಾರಣ.

ಕಳೆದ ಅಕ್ಟೋಬರಿನಲ್ಲಿ ಹೋಬರ್ಟ್ ಕೂಂಬ್ಸ್ ತಾತ ತೀರಿಕೊಂಡರು. ಮೊಝೆಲ್ ಅಜ್ಜಿಗೆ ಆ ದಿನ ಮಂಡಿ ನೋವಿಗೆ ಕಾಲು ಎತ್ತಿಡಲು ಆಗಲಿಲ್ಲ. ಕಡುಬು ಮಾಡಿ, ಟೇಪು ಅಂಟಿಸಿ, ಓರ್ಫಾ ಅಜ್ಜಿಯ ಕೈಗೆ ಕೊಟ್ಟು ತಾವು ಮನೆಯಲ್ಲೇ ಉಳಿದರು. ಓರ್ಫಾ ಅಜ್ಜಿ ಆ ದೊಡ್ಡ ಪಾತ್ರೆಯನ್ನು ಪಕ್ಕದ ಸೀಟಿನಲ್ಲಿಟ್ಟು, ಸಾರು ಚೆಲ್ಲದಿರಲೆಂದು ಅದಕ್ಕೆ ಸೀಟ್ ಬೆಲ್ಟ್ ಹಾಕಿದರು. ನಮ್ಮಲ್ಲಿ ಎಲ್ಲರೂ ಹಾಗೇ ಮಾಡುವುದು. ಮೊಮ್ಮಕ್ಕಳಿಗೆ ಬೆಲ್ಟ್ ಮರೆತರೂ ಪಾತ್ರೆಗೆ ಮರೆಯುವುದಿಲ್ಲ.

ಅಂಗಡಿ ಮೂಲೆಯಲ್ಲಿ ಎಲ್ಬರ್ಟ್ ನೋಬಲ್‌ನ ಬ್ರೆಡ್ ವ್ಯಾನು ಹಿಂದಕ್ಕೆ ಬಂದು ನೀಲಿ ಕಾರಿಗೆ ಗುದ್ದಿತು. ದೊಡ್ಡ ಹೊಡೆತವೇನಲ್ಲ. ಅಜ್ಜಿಯ ಬಲ ಮಣಿಕಟ್ಟು ಸ್ಟೇರಿಂಗಿಗೆ ಬಡಿದು ಊದಿಕೊಂಡಿತು. ಬೆಲ್ಟ್ ಹಾಕಿದ್ದ ಪಾತ್ರೆ ಕೂತಲ್ಲೇ ಕೂತಿತ್ತು, ಮುಚ್ಚಳ ಮಾತ್ರ ಹಾರಿ ಕಾಲಡಿಗೆ ಬಿತ್ತು. ಅಷ್ಟರಲ್ಲಿ ಚರ್ಚಿನ ಪಿಯಾನೋ ನುಡಿಸುವ ಲೂಲಾ ಬೇಟ್ಸ್ ಆ ದಾರಿಯಲ್ಲಿ ಬಂದರು. ಕಡುಬು ತಣ್ಣಗಾಗುತ್ತದಲ್ಲ ಎಂದು ಅಜ್ಜಿಗೆ ಕೈಗಿಂತ ಅದೇ ಚಿಂತೆ. ಲೂಲಾ ಪಾತ್ರೆಯನ್ನು ಬೆಲ್ಟಿನ ಅಡಿಯಿಂದ ಎಳೆದುಕೊಂಡು, ಮೇಲೊಂದು ಟವೆಲ್ ಮುಚ್ಚಿ, ತಮ್ಮ ಕಾರಿನಲ್ಲಿ ಚರ್ಚಿಗೆ ಒಯ್ದರು. ಎಲ್ಬರ್ಟ್ ಅಳುಮುಖ ಮಾಡಿಕೊಂಡು ಅಜ್ಜಿಯನ್ನು ಆಸ್ಪತ್ರೆಗೆ ಕಳಿಸಿದ. ಹೋಗುವ ಮುಂಚೆ ಒಂದು ಬ್ರೆಡ್ಡನ್ನೂ ಕೈಗಿಟ್ಟ.

ಆಮೇಲೆ ಬಂದವನು ಶೆರಿಫ್ ಕಚೇರಿಯ ಹೊಸ ಡೆಪ್ಯುಟಿ ಮಲೆಟ್. ಬೇರೆ ಕೌಂಟಿಯ ಹುಡುಗ, ಬಹಳ ಶಿಸ್ತು. ಕಾರಿನೊಳಗೆ ನೋಡಿದ. ಪಕ್ಕದ ಸೀಟಿನಲ್ಲಿ ಬೆಲ್ಟ್ ಹಾಕಿದ್ದು ಹಾಕಿದ ಹಾಗೇ ಇದೆ, ಸೀಟು ಇನ್ನೂ ಬೆಚ್ಚಗಿದೆ, ಕೆಳಗೆ ಬಿದ್ದ ಮುಚ್ಚಳದ ಮೇಲೆ ಹೆಸರು, ಫೋನ್ ನಂಬರು ಇವೆ. ಎರಡು ಮತ್ತು ಎರಡು ಕೂಡಿಸಿ ಐದು ಮಾಡಿದ. ವರದಿಯಲ್ಲಿ ಬರೆದ: ಪ್ರಯಾಣಿಕರು, ಮೊಝೆಲ್ ಟ್ಯಾಕೆಟ್. ಸೀಟ್ ಬೆಲ್ಟ್, ಹಾಕಿದ್ದರು. ಗಾಯ, ಗೊತ್ತಿಲ್ಲ. ಅಧಿಕಾರಿ ಬರುವ ಮುಂಚೆ ಸ್ಥಳದಿಂದ ಹೋಗಿದ್ದರು.

ಆ ವರದಿಯನ್ನು ಓರ್ಫಾ ಅಜ್ಜಿ ಆಗ ಓದಲಿಲ್ಲ. ವ್ಯಾಕ್ಯೂಮ್ ಕ್ಲೀನರ್ ಆದ ಮೇಲೆ ಓದದೆ ಬಿಟ್ಟ ಕಾಗದ ಅದೊಂದೇ ಎಂದು ಈಗಲೂ ಹಲುಬುತ್ತಾರೆ.

ಅಪಘಾತವಾಗಿ ಮೂವತ್ತು ದಿನ ಏನೂ ಇಲ್ಲ. ಮೊಝೆಲ್ ಅಜ್ಜಿ ಮಾತ್ರ ಯಾಕೋ ತಣ್ಣಗಾಗಿದ್ದರು. ಫೋನ್ ಮಾಡಿದರೆ ಹೂಂ, ಉಹೂಂ. ಮಂಡಿ ನೋವಿರಬೇಕೆಂದು ಓರ್ಫಾ ಅಜ್ಜಿ ಹೆಚ್ಚು ಕೆದಕಲಿಲ್ಲ. ಮೂವತ್ತು ದಿನ ಕಳೆದದ್ದೇ ತಡ, ಅಂಚೆಪೆಟ್ಟಿಗೆಯ ಬಾಯಿ ಮುಚ್ಚದಾಯಿತು. ನಮ್ಮ ರಾಜ್ಯದಲ್ಲಿ ಪೊಲೀಸ್ ವರದಿ ನೋಡಿ ಅಪಘಾತವಾದವರಿಗೆ ವಕೀಲರು ಕಾಗದ ಹಾಕಬೇಕಾದರೆ ಮೂವತ್ತು ದಿನ ಕಾಯಬೇಕು. ಓಟದ ಪಂದ್ಯದಲ್ಲಿ ಗೆರೆಯ ಹಿಂದೆ ಬಗ್ಗಿ ನಿಂತವರ ಹಾಗೆ ಅವರು ಕಾಯುತ್ತಿರುತ್ತಾರೆ.

ಓರ್ಫಾ ಅಜ್ಜಿಗೆ ಒಂಬತ್ತು ಬಂದವು. ಒಂದರಲ್ಲಿ ಹದ್ದಿನ ಚಿತ್ರ, ಒಂದರಲ್ಲಿ ತಕ್ಕಡಿ, ಒಂದರಲ್ಲಿ ಬಾಕ್ಸಿಂಗ್ ಕೈಗವಸು ಹಾಕಿದ ವಕೀಲ. ಹೆದ್ದಾರಿಯ ದೊಡ್ಡ ಫಲಕದಲ್ಲಿಯೂ ಅದೇ ವಕೀಲ ಅದೇ ಕೈಗವಸಿನಲ್ಲಿ ನಿಂತಿದ್ದಾನೆ, ಅಲ್ಲಿ ಅವನ ಮೂಗಿನ ಮೇಲೆ ಪಾರಿವಾಳ ಕೂರುತ್ತದೆ. ಕಾಗದಗಳ ಮೇಲೆ 'ಇದು ಜಾಹೀರಾತು' ಎಂದು ಅಚ್ಚಾಗಿತ್ತು. ಒಳಗಿನ ಮಾತು ಮಾತ್ರ ಹೆತ್ತ ತಾಯಿಯೇ ಬರೆದ ಹಾಗಿತ್ತು. ಒಂದು ಕಾಗದದ ಜೊತೆ ಪೊಲೀಸ್ ವರದಿಯ ಪ್ರತಿಯೂ ಇತ್ತು. ಅಜ್ಜಿ ಭೂತಗನ್ನಡಿ ಹಿಡಿದು ಪ್ರಯಾಣಿಕರ ಸಾಲಿಗೆ ಬಂದು, ಕುಡಿಯುತ್ತಿದ್ದ ಟೀ ಮೂಗಿಗೆ ಹತ್ತುವಷ್ಟು ನಕ್ಕು, ಕೂಡಲೇ ಗೆಳತಿಗೆ ಫೋನ್ ಮಾಡಿದರು. ಕಡುಬಿನ ಬದಲು ನಿನ್ನನ್ನೇ ಬೆಲ್ಟ್ ಹಾಕಿ ಕೂರಿಸಿದಾರೆ ಕಣೇ ಎಂದು ಹೇಳಿದರು.

ಆ ಕಡೆಯಿಂದ ನಗು ಬರಲಿಲ್ಲ.

"ನನಗೆ ಹದಿನಾಲ್ಕು ಕಾಗದ ಬಂದಿದೆ," ಎಂದರು ಮೊಝೆಲ್ ಅಜ್ಜಿ. "ಓದಿದೋರು, ಕೋಟು ಹಾಕೋರು. ಹದಿನಾಲ್ಕು ಜನಾನೂ ನನಗೆ ಅನ್ಯಾಯ ಆಗಿದೆ ಅಂತ ಬರೆದಿದಾರೆ. ಅಷ್ಟೂ ಜನ ಸುಳ್ಳು ಹೇಳ್ತಾರಾ?"

"ನೀನು ಕಾರಲ್ಲೇ ಇರ್ಲಿಲ್ವಲ್ಲೇ."

"ಅದು ಬೇರೆ ಮಾತು."

ಬೇರೆ ಮಾತು ಹೇಗೆ ಎಂದು ಕೇಳುವಷ್ಟರಲ್ಲಿ ಮೊಝೆಲ್ ಅಜ್ಜಿ ಇನ್ನೊಂದು ಹೇಳಿದರು. ಒಂದು ದೊಡ್ಡ ವಕೀಲರ ಕಚೇರಿಯಿಂದ ಒಬ್ಬ ಫೋನ್ ಮಾಡಿದ್ದ. ಗುರುವಾರ ಕಾಗದಪತ್ರ ಹಿಡಿದು ಮನೆಗೇ ಬರುತ್ತಾನಂತೆ, ಇವರು ಸಹಿ ಹಾಕುತ್ತಾರಂತೆ. ಅಷ್ಟು ಹೇಳಿ ಫೋನ್ ಇಟ್ಟರು.

ಓರ್ಫಾ ಅಜ್ಜಿಯ ನಗು ಅಲ್ಲಿಗೆ ನಿಂತಿತು. ಮೊಝೆಲ್ ಸಹಿ ಹಾಕಿದರೆ ವಿಷಯ ಎಲ್ಲಿಗೆ ಹೋಗುತ್ತದೆಂದು ಅವರಿಗೆ ತಕ್ಷಣ ಹೊಳೆಯಿತು. ನಾಳೆ ಯಾರೋ ಅವರನ್ನು ಕೂರಿಸಿ, ಪ್ರಮಾಣ ಮಾಡಿಸಿ, ಪಕ್ಕದ ಸೀಟಿನಲ್ಲಿ ಯಾರಿದ್ದರು ಎಂದು ಕೇಳುತ್ತಾರೆ. ಮೊಝೆಲ್ ಇದ್ದಳು ಎಂದರೆ ದೇವರ ಮುಂದೆ ಸುಳ್ಳಾಗುತ್ತದೆ. ಇರಲಿಲ್ಲ ಎಂದರೆ ಐವತ್ತು ವರ್ಷದ ಗೆಳತಿಯನ್ನು ಮೋಸಗಾತಿ ಎಂದು ಬರೆಸಿದ ಹಾಗೆ. ಎರಡರಲ್ಲಿ ಯಾವುದನ್ನು ಹೇಳಿದರೂ ಹಳ್ಳದ ಮೇಲಿನ ಹಲಗೆ ತೆಗೆದಂತೆಯೇ.

ಎರಡು ದಿನ ಅವರು ಒಂಬತ್ತು ಕಾಗದವನ್ನೂ ಹರಡಿಕೊಂಡು ಓದಿದರು. ಎಂಟು ಒಂದೇ ಹಿಟ್ಟಿನ ರೊಟ್ಟಿ. ಒಂಬತ್ತನೆಯದು ಪಕ್ಕದ ಕೌಂಟಿಯ ಕೋರೀನ್ ಗ್ಯಾಬರ್ಡ್ ಎಂಬ ವಕೀಲೆಯದು, ಒಂದೇ ಹಾಳೆ. ಮೊದಲು ಡಾಕ್ಟರಿಗೆ ತೋರಿಸಿ, ಇನ್ಶೂರೆನ್ಸಿನವರು ಅವಸರ ಮಾಡಿ ಕೊಟ್ಟ ಕಾಗದಕ್ಕೆ ಸಹಿ ಹಾಕಬೇಡಿ, ಪೆಟ್ಟು ಸಣ್ಣದಾದರೆ ವಕೀಲರೇ ಬೇಡವಾಗಬಹುದು, ಎಂದು ಬರೆದಿದ್ದರು. ಕೊನೆಯಲ್ಲಿ ಇನ್ನೊಂದು ಸಾಲು: ವಕೀಲರು ಕಾಗದ ಬರೆಯಬಹುದು, ಆದರೆ ನೀವು ಕರೆಯದೆ ವಕೀಲರಾಗಲಿ ಅವರ ಕಡೆಯವರಾಗಲಿ ಫೋನ್ ಮಾಡುವಂತಿಲ್ಲ, ಮನೆಗೆ ಬರುವಂತಿಲ್ಲ, ಬಂದರೆ ವಕೀಲರ ಮಂಡಳಿಗೆ ತಿಳಿಸಿ. ಅಜ್ಜಿ ಆ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಅಂಟಿಸಲು ಬಳಸಿದ ಅಯಸ್ಕಾಂತ ಬಾಕ್ಸಿಂಗ್ ವಕೀಲ ಕಳಿಸಿದ್ದು.

ಗುರುವಾರ ಬೆಳಿಗ್ಗೆ ಓರ್ಫಾ ಅಜ್ಜಿ ಒಂದು ಬೋಗುಣಿ ಒಣ ಬೀನ್ಸ್ ಕಾಳು ಹಿಡಿದು ಹಲಗೆ ದಾಟಿದರು. ಮೊಝೆಲ್ ಅಜ್ಜಿ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದರು. ಕೊರಳಿಗೆ ಪಟ್ಟಿ. ಅದು ಅವರ ಗಂಡ ಆರ್ವಿಲ್ ಮೇಲೆ ಮರ ಬಿದ್ದಾಗ ಆಸ್ಪತ್ರೆಯವರು ಕೊಟ್ಟದ್ದು. ಆರ್ವಿಲ್ ಅವರ ಕೊರಳು ಕಂಬದ ಹಾಗಿತ್ತು. ಮೊಝೆಲ್ ಅಜ್ಜಿಯ ಗಲ್ಲ ಅದರೊಳಗೆ ಮುಳುಗಿ, ಕೊಡದಿಂದ ಇಣುಕುವ ಬೆಕ್ಕಿನ ಹಾಗೆ ಕಾಣುತ್ತಿದ್ದರು. ಓರ್ಫಾ ಅಜ್ಜಿ ಒಲೆಯ ಪಕ್ಕ ಕುರ್ಚಿ ಎಳೆದುಕೊಂಡು, ಪಟ್ಟಿ ಕಟ್ಟಿದ ತಮ್ಮ ಬಲಗೈಯನ್ನು ಏಪ್ರನ್ನಿನ ಅಡಿಗೆ ಸೇರಿಸಿ, ಎಡಗೈಯಲ್ಲಿ ಕಾಳಿನ ನಡುವಿನ ಕಲ್ಲು ಹೆಕ್ಕತೊಡಗಿದರು.

ಬಂದವನ ಹೆಸರು ಬ್ರೆಂಟ್ ಲ್ಯಾಶ್ಲಿ. ಬೂದು ಸೂಟು, ಹೊಳೆಯುವ ಬೂಟಿಗೆ ನಮ್ಮ ಕಣಿವೆಯ ಕೆಸರು, ಕೈಯಲ್ಲಿ ಡೋನಟ್ ಡಬ್ಬಿ. ಒಲೆಯ ಪಕ್ಕದವರು ಯಾರು ಎಂದು ಕೇಳಿದ. ಹಳ್ಳದ ಆಚೆಯವಳು, ಕಾಳು ಆರಿಸೋಕೆ ಬಂದಿದೀನಿ ಎಂದರು ಓರ್ಫಾ ಅಜ್ಜಿ. ಅದರಲ್ಲಿ ಸುಳ್ಳೇನಿರಲಿಲ್ಲ. ಅವನು ಮೊಝೆಲ್ ಅಜ್ಜಿಯ ಎದುರು ಕೂತು, ತಲೆ ಒಂದು ಕಡೆಗೆ ವಾಲಿಸಿ, ಸಾವಿನ ಮನೆಯ ದನಿಯಲ್ಲಿ ಶುರು ಮಾಡಿದ.

"ಅಮ್ಮಾ, ನೋವು ಎಲ್ಲೆಲ್ಲಿ?"

"ಮಂಡಿ."

"ಯಾವಾಗಿಂದ?"

"ತೊಂಬತ್ತೆಂಟನೇ ಇಸವಿಯಿಂದ."

ಅವನ ಪೆನ್ನು ನಿಂತಿತು. "ಅಪಘಾತ ಆದ್ಮೇಲೆ ಜಾಸ್ತಿ ಆಗಿದೆಯಾ ಅಮ್ಮಾ?"

"ಅದು ದಿನಾ ಜಾಸ್ತಿ ಆಗತ್ತಪ್ಪ."

"ಅಂದ್ರೆ ಅಪಘಾತ ಆದ್ಮೇಲೂ ಜಾಸ್ತಿ ಆಗಿದೆ," ಎಂದು ತೃಪ್ತಿಯಿಂದ ಬರೆದುಕೊಂಡ.

ಒಲೆಯ ಪಕ್ಕದಿಂದ ಓರ್ಫಾ ಅಜ್ಜಿ, ತಿಳಿಯದವರ ದನಿಯಲ್ಲಿ, ಒಂದೊಂದೇ ಕೇಳಿದರು. ನೀನೇ ವಕೀಲನೇನಪ್ಪ? ಅಲ್ಲ, ಅವನು ಗ್ರಾಹಕರ ಕಾಳಜಿ ನೋಡಿಕೊಳ್ಳುವವನು. ವಕೀಲರು ಬರ್ತಾರಾ? ಅಗತ್ಯ ಬಿದ್ದಾಗ. ಕೇಸು ಸೋತರೆ? ವಕೀಲರ ಫೀಸು ಒಂದು ಚಿಕ್ಕಾಸೂ ಇಲ್ಲ. ಫೀಸು ಸರಿ, ಮಿಕ್ಕ ಖರ್ಚು? ಅವನು ಸ್ವಲ್ಪ ತಡವರಿಸಿ, ಅದೆಲ್ಲ ಕಾಗದದಲ್ಲಿದೆ ಎಂದ. ಅಜ್ಜಿ ಎದ್ದು ಬಂದು ಭೂತಗನ್ನಡಿ ತೆಗೆದರು. ಮೂರನೆಯ ಹಾಳೆಯ ಅಡಿಯಲ್ಲಿ ಇರುವೆ ಗಾತ್ರದ ಸಾಲಿನಲ್ಲಿ, ಡಾಕ್ಟರ ವರದಿ, ಪ್ರತಿ, ಓಡಾಟ ಇತ್ಯಾದಿ ಖರ್ಚು ಗೆದ್ದರೂ ಸೋತರೂ ಗ್ರಾಹಕರದು ಎಂದಿತ್ತು. ಅದನ್ನು ಅವರು ಗಟ್ಟಿಯಾಗಿ ಓದಿ, ಮತ್ತೆ ಹೋಗಿ ಕಾಳಿನ ಮುಂದೆ ಕೂತರು. ಮೊಝೆಲ್ ಅಜ್ಜಿಯ ಗಲ್ಲ ಪಟ್ಟಿಯಿಂದ ಒಂದಂಗುಲ ಮೇಲೆ ಬಂತು. ಆದರೂ ಪೆನ್ನು ಕೈಯಲ್ಲೇ ಇತ್ತು.

ಇನ್ನೊಂದೇ ಒಂದು ಕೇಳ್ತೀನಿ ಎಂದರು ಓರ್ಫಾ ಅಜ್ಜಿ. ಕೇಸು ಹಾಕೋದು ಯಾರ ಮೇಲೆ, ಆ ಬ್ರೆಡ್ ವ್ಯಾನಿನವನ ಮೇಲಾ?

"ಇಬ್ಬರ ಮೇಲೂ," ಎಂದ ಬ್ರೆಂಟ್, ಡೋನಟ್ ಡಬ್ಬಿ ಬಿಚ್ಚುತ್ತಾ. "ವ್ಯಾನಿನವನು, ಆಮೇಲೆ ಕಾರು ಓಡಿಸ್ತಿದ್ದ ಆ ಹೆಂಗಸು. ನಿಜ ಹೇಳ್ಬೇಕು ಅಂದ್ರೆ ಆ ಹೆಂಗಸೇ ನಮಗೆ ಸುಲಭ. ಎಪ್ಪತ್ತೊಂದು ವರ್ಷ. ಕಣ್ಣು ಮಂಜು, ಕಾಲು ಬ್ರೇಕಿಗೆ ಹೋಗೋಷ್ಟರಲ್ಲಿ ಊಟದ ಹೊತ್ತಾಗಿರತ್ತೆ. ಎದುರಿಗೆ ಕೂರಿಸಿ ನಾಲ್ಕು ಪ್ರಶ್ನೆ ಕೇಳಿದ್ರೆ ಸಾಕು, ತನ್ನ ಹೆಸರೇ ಮರ್ತುಬಿಡ್ತಾಳೆ."

ಬೋಗುಣಿಯಲ್ಲಿ ಒಂದು ಕಲ್ಲು ಟಣ್ಣೆಂದು ಬಿತ್ತು. "ಅಯ್ಯೋ ಪಾಪ," ಎಂದರು ಓರ್ಫಾ ಅಜ್ಜಿ. "ಅಷ್ಟು ಕೆಟ್ಟ ಹೆಂಗಸಾ?"

"ಕೆಟ್ಟವಳು ಅಲ್ಲಮ್ಮ. ಕೈಲಾಗದವಳು."

ಮೊಝೆಲ್ ಅಜ್ಜಿ ಎರಡೂ ಕೈಯಿಂದ ಕೊರಳ ಪಟ್ಟಿ ಕಿತ್ತು ಮೇಜಿನ ಮೇಲೆ ಒಗೆದರು.

"ಯಾರೋ ಕೈಲಾಗದವಳು? ಹಿಮ ಬಿದ್ದಾಗ ನನ್ನ ಗಂಡನ್ನ ಆಸ್ಪತ್ರೆಗೆ ಒಯ್ದಿದ್ದು ಯಾರು, ನೀನಾ? ಹಳ್ಳ ತುಂಬಿ ರಸ್ತೇನೇ ಕಾಣದಾಗ ಓಡಿಸಿದೋಳು ಅವಳು. ಐವತ್ತು ವರ್ಷ ಅವಳ ಪಕ್ಕದಲ್ಲಿ ಕೂತಿದೀನಿ, ಒಂದು ಮೊಟ್ಟೆ ಒಡೆದಿಲ್ಲ. ಓರ್ಫಾ ಸ್ಲೋನ್ ಕಳ್ಳಿ, ಅದು ನಿಜ. ಕೈಲಾಗದವಳು ಮಾತ್ರ ಅಲ್ಲ."

"ಕಳ್ಳೀನಾ?" ಎಂದರು ಓರ್ಫಾ ಅಜ್ಜಿ ಮತ್ತು ಬ್ರೆಂಟ್, ಇಬ್ಬರೂ ಒಟ್ಟಿಗೆ.

ಆಗ ಹೊರಬಿತ್ತು, ಒಂದು ತಿಂಗಳಿನಿಂದ ಮೊಝೆಲ್ ಅಜ್ಜಿ ಬಚ್ಚಿಟ್ಟುಕೊಂಡಿದ್ದದ್ದು. ಹೋಬರ್ಟ್ ತಾತನ ಊಟಕ್ಕೆ ಕಡುಬು ಹೋದದ್ದು ಮುಚ್ಚಳವಿಲ್ಲದೆ. ಮುಚ್ಚಳವಿಲ್ಲ ಎಂದರೆ ಹೆಸರೂ ಇಲ್ಲ. ಲೂಲಾ ಬೇಟ್ಸ್ ಅದನ್ನು ಮೇಜಿನ ಮೇಲಿಟ್ಟು, ಓರ್ಫಾ ಕಳಿಸಿದ್ದು ಎಂದರು. ತಿಂದವರೆಲ್ಲ ಬೆರಳು ನೆಕ್ಕಿದರು. ಮುಂದಿನ ಭಾನುವಾರ ಪಾದ್ರಿಯೇ ವೇದಿಕೆಯಿಂದ, ಕೈಗೆ ಪೆಟ್ಟಾದರೂ ಕಡುಬು ಕಳಿಸಿದ ಓರ್ಫಾ ಸೋದರಿಗೆ ವಂದನೆ ಹೇಳಿದರು. ಮೊಝೆಲ್ ಅಜ್ಜಿ ಆ ದಿನ ಬೇರೆಯವರ ಕಾರಿನಲ್ಲಿ ಬಂದು ಹಿಂದಿನ ಸಾಲಿನಲ್ಲಿ ಕೂತು ಕೇಳಿದರು. ಓರ್ಫಾ ಅಜ್ಜಿ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು.

"ನನಗೆ ಅನ್ಯಾಯ ಆಗಿದೆ ಅಂತ ಇಷ್ಟು ದಿನ ಯಾರಾದ್ರೂ ಹೇಳಿದ್ರಾ?" ಎಂದರು ಮೊಝೆಲ್ ಅಜ್ಜಿ. "ಯಾರೂ ಇಲ್ಲ. ಆಮೇಲೆ ಹದಿನಾಲ್ಕು ಜನ ಹೇಳಿದ್ರು. ನನ್ನ ಹೆಸರು ಇಷ್ಟು ದಪ್ಪಕ್ಷರದಲ್ಲಿ ಬರೆದಿದ್ರು."

ಬ್ರೆಂಟ್ ಒಬ್ಬರಿಂದ ಒಬ್ಬರತ್ತ ನೋಡಿ, ನೀವೇ ಓರ್ಫಾ ಸ್ಲೋನ್ ಅವರಾ ಎಂದು ಮೆಲ್ಲಗೆ ಕೇಳಿದ. ನಾಲ್ಕು ಪ್ರಶ್ನೆ ಕೇಳಪ್ಪ, ಹೆಸರು ನೆನಪಿದೆಯಾ ನೋಡೋಣ ಎಂದರು ಅಜ್ಜಿ. ಜೊತೆಗೆ ಅವನ ಹೆಸರು, ಕಚೇರಿ ಅಚ್ಚಾದ ಚೀಟಿಯೊಂದನ್ನು ಕೇಳಿ ಪಡೆದು, ಅದರ ಹಿಂದೆ ಬಂದ ತಾರೀಕು, ವೇಳೆ ಅವನ ಕೈಯಲ್ಲೇ ಬರೆಸಿಕೊಂಡರು. ನಮಗೆ ವಯಸ್ಸಾಯಿತಲ್ಲ, ಮರೆಯುತ್ತದೆ ಎಂದು. ಅವನು ಕಾಗದಗಳನ್ನು ಬಾಚಿಕೊಳ್ಳುತ್ತಾ ಡೋನಟ್ ಡಬ್ಬಿಗೂ ಕೈ ಚಾಚಿದ.

"ಅದು ಇರ್ಲಿ," ಎಂದರು ಮೊಝೆಲ್ ಅಜ್ಜಿ. "ನನಗೆ ಕೊರಳು ನೋವು."

ಅವನು ಹೋದ. ಆದರೆ ಅವಸರದಲ್ಲಿ ಸಹಿ ಹಾಕಬೇಕಾದ ಕಾಗದ ಮೇಜಿನ ಮೇಲೇ ಉಳಿದಿತ್ತು. ಮೊಝೆಲ್ ಅಜ್ಜಿ ಅದನ್ನು ಹರಿಯಲಿಲ್ಲ. ತಮ್ಮ ಕಡೆಗೆ ಎಳೆದುಕೊಂಡು ಅದರ ಮೇಲೆ ಅಂಗೈ ಇಟ್ಟು ಕೂತರು.

ಓರ್ಫಾ ಅಜ್ಜಿ ಈ ಭಾಗವನ್ನು ನನಗೆ ಹೇಳುವಾಗ ಒಗ್ಗರಣೆ ಹಾಕಲಿಲ್ಲ. ಮೊದಲ ದಿನ ಯಾರೋ ಕಡುಬು ಹೊಗಳಿದಾಗ ನೋವಿನ ಮಾತ್ರೆಯ ಮಂಪರಿತ್ತು, ತಿದ್ದಲಿಲ್ಲ. ಎರಡನೆಯ ಸಲ ಮಂಪರು ಇರಲಿಲ್ಲ, ಆದರೂ ತಿದ್ದಲಿಲ್ಲ. ಅವರ ಕಡುಬು ಅಂಗುಳಿಗೆ ಅಂಟುತ್ತದೆ, ಅದನ್ನು ಈ ಕಣಿವೆಯಲ್ಲಿ ಯಾರೂ ಎಂದೂ ಹೊಗಳಿದ್ದಿಲ್ಲ. ಪಾದ್ರಿ ಹೆಸರು ಹೇಳಿದಾಗ ತಲೆ ತಗ್ಗಿಸಿದ್ದು ವಿನಯಕ್ಕಲ್ಲ, ನಗು ಕಾಣದಿರಲೆಂದು. ಹೆಡ್‌ಮಾಸ್ತರರಿಗೆ ಪಾಲಕ್ ತಿನ್ನಿಸಿದ ಹಾಗೇ ಇದೂ ಒಂದು ತಮಾಷೆ ಎಂದುಕೊಂಡಿದ್ದರು. ಹಿಂದಿನ ಸಾಲಿನಲ್ಲಿ ಯಾರಿದ್ದಾರೆಂದು ತಿರುಗಿ ನೋಡಿರಲಿಲ್ಲ.

"ತಪ್ಪಾಯ್ತು ಕಣೇ," ಎಂದರು. "ಗೊತ್ತಿದ್ದೇ ಮಾಡಿದೆ."

"ಗೊತ್ತಿಲ್ದೆ ಮಾಡೋಳಲ್ಲ ನೀನು."

"ಈಗ ಏನು ಮಾಡ್ಲಿ ಹೇಳು. ಭಾನುವಾರ ಎದ್ದು ನಿಂತು ಹೇಳ್ತೀನಿ."

ಮೊಝೆಲ್ ಅಜ್ಜಿ ಒಂದು ಡೋನಟ್ ಪೂರ್ತಿ ತಿಂದು ಮುಗಿಸುವವರೆಗೆ ಯೋಚಿಸಿದರು. ಬಾಯಿಮಾತು ಸೋಮವಾರಕ್ಕೆ ಮರೆತುಹೋಗುತ್ತದೆ, ನನಗೆ ಬರಹದಲ್ಲಿ ಬೇಕು ಎಂದರು. ಸರ್ಕಾರದ ಕಾಗದದಲ್ಲಿ ನನ್ನ ಹೆಸರು ತಪ್ಪು ಜಾಗದಲ್ಲಿ ಕೂತಿದೆ. ಅದನ್ನು ಸರಿಯಾದ ಜಾಗದಲ್ಲಿ ಕೂರಿಸಲಿ. ಅಲ್ಲಿಯವರೆಗೆ ಈ ಕಾಗದ ನನ್ನ ಕೈಚೀಲದಲ್ಲೇ ಇರುತ್ತದೆ.

ಅಂದೇ ಮಧ್ಯಾಹ್ನ ನೀಲಿ ಕಾರು ಶೆರಿಫ್ ಕಚೇರಿಗೆ ಹೊರಟಿತು. ಓರ್ಫಾ ಅಜ್ಜಿ ಒಂದೂವರೆ ಕೈಯಲ್ಲಿ ಓಡಿಸಿದರು. ಈ ಸಲ ಪಕ್ಕದ ಸೀಟಿನಲ್ಲಿ ಮೊಝೆಲ್ ಅಜ್ಜಿಯೇ ಇದ್ದರು, ಬೆಲ್ಟ್ ಹಾಕಿಕೊಂಡು.

ಡೆಪ್ಯುಟಿ ಮಲೆಟ್ ವಿಷಯ ಕೇಳುತ್ತಾ ಕೇಳುತ್ತಾ ಕಿವಿಯವರೆಗೆ ಕೆಂಪಾದ. ಅವನ ಊರಿನಲ್ಲಿ ಪಾತ್ರೆಗೆ ಬೆಲ್ಟ್ ಹಾಕುವುದಿಲ್ಲವಂತೆ. ಹಾಗಾದರೆ ನಿಮ್ಮೂರಲ್ಲಿ ಸಾರು ಎಲ್ಲಿರುತ್ತೆ, ನೆಲದ ಮೇಲಾ ಎಂದು ಓರ್ಫಾ ಅಜ್ಜಿ ಕೇಳಿದರು. ಹಳೆಯ ವರದಿಯನ್ನು ಅಳಿಸಲು ಬರುವುದಿಲ್ಲ, ತಿದ್ದುಪಡಿ ಹಾಳೆ ಸೇರಿಸಬಹುದು ಎಂದು ಹೇಳಿ ಅವನು ಟೈಪ್ ಮಾಡತೊಡಗಿದ. ಮೊಝೆಲ್ ಟ್ಯಾಕೆಟ್ ಕಾರಿನಲ್ಲಿರಲಿಲ್ಲ. ಸೀಟಿನಲ್ಲಿದ್ದದ್ದು ಒಂದು ಅಡುಗೆ ಪಾತ್ರೆ.

"ಪಾತ್ರೇಲಿ ಏನಿತ್ತು ಅಂತ ಬರಿ," ಎಂದರು ಮೊಝೆಲ್ ಅಜ್ಜಿ.

ಅವನು ಕೋಳಿ ಕಡುಬು ಎಂದು ಸೇರಿಸಿದ.

"ಮಾಡಿದ್ದು ಯಾರು ಅಂತ ಬರಿ."

"ಅಮ್ಮಾ, ಇದು ಅಪಘಾತದ ವರದಿ. ಯಾರು ಅಡುಗೆ ಮಾಡಿದ್ರು ಅನ್ನೋದು ಇದರಲ್ಲಿ ಬರಲ್ಲ."

"ಹಂಗಾದ್ರೆ ನಾನು ಸಹಿ ಹಾಕಲ್ಲ. ನನ್ನ ಹತ್ರ ಸಹಿ ಹಾಕೋಕೆ ಇನ್ನೊಂದು ಕಾಗದ ಇದೆ," ಎಂದು ಅವರು ಕೈಚೀಲ ತಟ್ಟಿದರು.

ಮಲೆಟ್ ಗಾಜಿನ ಗೋಡೆಯಾಚೆ ಕೂತಿದ್ದ ಶೆರಿಫರ ಕಡೆ ನೋಡಿದ. ಶೆರಿಫರು ಬಾಗಿಲಿಗೆ ಬಂದು ಪೂರ್ತಿ ಕೇಳಿಸಿಕೊಂಡರು. ಅವರ ಅಪ್ಪನ ಮಣ್ಣಿಗೆ ಆ ಕಡುಬು ಬಂದಿತ್ತು, ಅವರು ಮೂರು ಸಲ ಬಡಿಸಿಕೊಂಡಿದ್ದರು. ಅದೂ ಅಲ್ಲದೆ ಎದುರಿಗೆ ಓರ್ಫಾ ಸ್ಲೋನ್ ನಿಂತಿದ್ದರು. ಬರಿಯೋ ಎಂದಷ್ಟೇ ಹೇಳಿ ಒಳಗೆ ಹೋದರು.

ಸಾಕ್ಷಿಯಾಗಿ ಓರ್ಫಾ ಅಜ್ಜಿಯ ಹೇಳಿಕೆಯೂ ಬೇಕಾಯಿತು. ಆ ಕಡುಬು ತನ್ನದಲ್ಲವೆಂದು ಅವರು ಬರೆಸಿದರು. ಅಷ್ಟು ಸಾಲದು ಎಂದರು ಮೊಝೆಲ್ ಅಜ್ಜಿ. ಮತ್ತೇನು ಬೇಕು ಎಂದು ಕೇಳಿದಾಗ ಅವರು ಒಂದೊಂದೇ ಪದ ಹೇಳಿ ಬರೆಸಿದರು. ಅದು ಈಗಲೂ ಕೌಂಟಿಯ ದಾಖಲೆಯಲ್ಲಿ ಹೀಗಿದೆ, ನಾನು ಕಣ್ಣಾರೆ ನೋಡಿದ್ದೇನೆ: 'ಸದರಿ ಕೋಳಿ ಕಡುಬನ್ನು ತಯಾರಿಸಿದವರು ಶ್ರೀಮತಿ ಮೊಝೆಲ್ ಟ್ಯಾಕೆಟ್. ಸಾಕ್ಷಿದಾರರಾದ ಓರ್ಫಾ ಸ್ಲೋನ್ ಅವರ ಕಡುಬು ಅಷ್ಟು ಮೆತ್ತಗಿರುವುದಿಲ್ಲವೆಂದು ಅವರೇ ಒಪ್ಪಿಕೊಂಡಿರುತ್ತಾರೆ.'

ಓರ್ಫಾ ಅಜ್ಜಿ ಭೂತಗನ್ನಡಿ ಹಿಡಿದು ಎರಡು ಸಲ ಓದಿದರು. ಇದಕ್ಕಿಂತ ಜೈಲೇ ವಾಸಿ ಕಣೇ ಎಂದರು. ಆದರೂ ಎಡಗೈಯಲ್ಲಿ ಸಹಿ ಹಾಕಿದರು. ಮೊಝೆಲ್ ಅಜ್ಜಿಯೂ ಹಾಕಿದರು. ಆಮೇಲೆ ಕೈಚೀಲದಿಂದ ವಕೀಲರ ಕಾಗದ ತೆಗೆದು, ನೀಟಾಗಿ ನಾಲ್ಕು ತುಂಡು ಮಾಡಿ, ಮಲೆಟ್‌ನ ಕಸದ ಬುಟ್ಟಿಗೆ ಹಾಕಿದರು.

ಹಿಂದಿರುಗುವಾಗ ಹೆದ್ದಾರಿಯ ಫಲಕದ ಹತ್ತಿರ ಬಂದಾಗ ಮೊಝೆಲ್ ಅಜ್ಜಿ, ಬ್ರೇಕ್ ಹಿಡೀತೀಯೋ ಇಲ್ಲ ಊಟದ ಹೊತ್ತಾಗಬೇಕೋ ಎಂದು ಕೇಳಿದರು. ಓರ್ಫಾ ಅಜ್ಜಿ ಕಾರನ್ನು ಪಕ್ಕಕ್ಕೆ ನಿಲ್ಲಿಸಲೇಬೇಕಾಯಿತು. ಇಬ್ಬರೂ ಅಲ್ಲೇ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರಂತೆ.

ಆ ಹಾಳೆಯ ಪ್ರತಿ ಈಗ ಚರ್ಚಿನ ನೆಲಮಾಳಿಗೆಯ ಅಡುಗೆಮನೆಯಲ್ಲಿ, ಕಾಫಿ ಪಾತ್ರೆಯ ಮೇಲ್ಗಡೆ ಅಂಟಿದೆ. ಪಾದ್ರಿ ಓದಿ, ಮುಂದಿನ ಭಾನುವಾರ ವಂದನೆಯನ್ನು ವಾಪಸು ಪಡೆದು ಸರಿಯಾದವರಿಗೆ ಕೊಟ್ಟರು. ಬ್ರೆಂಟ್‌ನ ಚೀಟಿ ಅವನದೇ ಕೈಬರಹದ ಸಮೇತ ವಕೀಲರ ಮಂಡಳಿಗೆ ಹೋಯಿತು. ವಿಚಾರಿಸುತ್ತೇವೆಂದು ಉತ್ತರ ಬಂದಿದೆ, ಮುಂದೇನಾಯಿತೋ ಇನ್ನೂ ಗೊತ್ತಿಲ್ಲ. ತಮ್ಮ ಮಣಿಕಟ್ಟಿನ ವಿಷಯಕ್ಕೆ ಓರ್ಫಾ ಅಜ್ಜಿ ತಾವಾಗಿಯೇ ಕೋರೀನ್ ಗ್ಯಾಬರ್ಡ್‌ಗೆ ಫೋನ್ ಮಾಡಿದರು. ಎಲುಬಿನಲ್ಲಿ ಸಣ್ಣ ಬಿರುಕಿರುವುದು ಎರಡನೆಯ ಎಕ್ಸ್‌ರೇಯಲ್ಲಿ ತಿಳಿಯಿತು. ಇನ್ಶೂರೆನ್ಸಿನವರು ಕಳಿಸಿದ್ದ ಅವಸರದ ಕಾಗದಕ್ಕೆ ಸಹಿ ಹಾಕಿದ್ದರೆ ಆ ಬಿರುಕಿನ ಖರ್ಚು ಕೇಳುವ ದಾರಿ ಅಲ್ಲಿಗೇ ಮುಚ್ಚುತ್ತಿತ್ತು. ಬಾಗಿಲಿಗೆ ಬಂದವನನ್ನು ಓಡಿಸಿ, ಕಾಗದ ಬರೆದವಳನ್ನು ಹುಡುಕಿಕೊಂಡು ಹೋದಿರಲ್ಲ ಎಂದು ನಾನು ಕೇಳಿದೆ. ಒಬ್ಬನು ಡೋನಟ್ ತಂದ, ಒಬ್ಬಳು ನೀನು ಬರಬೇಕಾಗಿಯೇ ಇಲ್ಲ ಅಂತ ಬರೆದಳು, ಯಾರ ಹತ್ತಿರ ಹೋಗಬೇಕು ಅಂತ ಇದರಲ್ಲೇ ಗೊತ್ತಾಗಲ್ವೇನೇ ಎಂದರು.

ಬರೆದದ್ದನ್ನು ಓರ್ಫಾ ಅಜ್ಜಿಗೆ ಓದಿ ಹೇಳಿದ್ದೇನೆ. ಮೊಝೆಲ್ ಅಜ್ಜಿಗೆ ಇನ್ನೂ ಇಲ್ಲ. ನಾಳೆ ಬೆಳಿಗ್ಗೆ ಹಲಗೆ ದಾಟಿ ಅವರ ಮನೆಗೆ ಹೋಗಿ ಓದುತ್ತೇನೆ, ಅವರು ಬೇಡವೆಂದ ಸಾಲನ್ನು ಹೊಡೆದು ಹಾಕುತ್ತೇನೆ.